ಕಬ್ಬಿಣದ ಪೂರ್ವಾಪರ ಕೇಳುವ ಸಾಯಬಣ್ಣ

ವಾಡಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಚಿತ್ತಾಪುರ ರಸ್ತೆಯ ತಗಡಿನ ಶೆಡ್ಡಿನ ಮುಂದೆ ಸಾಯಬಣ್ಣ ಕುಕ್ಕರುಗಾಲಲ್ಲಿ ಕುಳಿತು ಗೇಣುದ್ದದ ಕಬ್ಬಿಣದ ತುಂಡೊಂದನ್ನು ಅರದಿಂದ ಉಜ್ಜುತ್ತಿದ್ದಾರೆ. ಉಜ್ಜುತ್ತಾರೆ, ಕಣ್ಣಿಗೆ ಹತ್ತಿರ ಹಿಡಿದು ನೋಡುತ್ತಾರೆ, ತಲೆಯಾಡಿಸಿ ಬುಟ್ಟಿಗೆ ಎಸೆಯುತ್ತಾರೆ. ಬುಟ್ಟಿಯಲ್ಲಿ ಆಗಲೇ ಇಂಥ ಆರು ತುಂಡುಗಳಿವೆ.

"ಅರ ಜಾರ್ಲಾಕತ್ತದ್ರಿ. ಭಾಳ ಗಟ್ಟಿ. ಇಂಥ ಸೊಕ್ಕಿನ ಕಬ್ಬಿಣ ನಮಗ ಬ್ಯಾಡ," ಎನ್ನುತ್ತಾರೆ.

ಬೈಕಿನ ಹಿಂದೆ ಕುಲುಕು ತಡೆಯುವ ಶಾಕಪ್ಸರು ಚಕ್ರದ ಕಡೆ ಕೂಡುವ ಜಾಗದಲ್ಲಿ ಬೆರಳುಗಾತ್ರದ ಒಂದು ಪಿನ್ನು ಇರುತ್ತದೆ. ಸವಾರ, ಅವನ ಹೆಂಡತಿ, ಸಂತೆಯ ಚೀಲ, ಎಲ್ಲರ ಭಾರವೂ ಕಡೆಗೆ ಬರುವುದು ಅದರ ಮೇಲೆ. ಶಹಾಬಾದದ ಕಲ್ಲಿನ ಗಣಿಗಳ ತಗ್ಗುದಿಣ್ಣೆ ರಸ್ತೆಗಳಲ್ಲಿ ಓಡಾಡುವವರಿಗೆ ಈ ಪಿನ್ನುಗಳೆಂದರೆ ಪ್ರಾಣ. ಹಳೆಯ ಗಾಡಿಗಳ ಪಿನ್ನು ಅಂಗಡಿಗಳಲ್ಲಿ ಸಿಗುವುದು ನಿಂತು ಹೋದ ಮೇಲೆ ಸೇಡಂ, ಚಿಂಚೋಳಿಯಿಂದಲೂ ಜನ ಇಲ್ಲಿಗೆ ಬರುತ್ತಾರೆ. ಸಾಯಬಣ್ಣ ದಿನಕ್ಕೆ ಎರಡೇ ಮಾಡುತ್ತಾರೆ. ಮೂರನೆಯದನ್ನು ಕೇಳಿದವರಿಗೆ ಚಹಾ ಕುಡಿಸಿ ಕಳಿಸುತ್ತಾರೆ.

ಈ ಮಡಿವಂತಿಕೆ ಶುರುವಾದದ್ದು 1994ರಲ್ಲಿ. ಆಗ ಅವರಿಗೆ ಲೇತ್ ಕೆಲಸ ಹೊಸದು, ಹುರುಪು ಹಳೆಯದು. ಲಾರಿಯ ಕಮಾನು ಪಟ್ಟಿಯ ತುಂಡಿನಿಂದ ತಮ್ಮ ಗಾಡಿಗೇ ಒಂದು ಪಿನ್ನು ಮಾಡಿದರು. ಅಷ್ಟಕ್ಕೇ ಸುಮ್ಮನಿರಬಾರದೇ? ಊರಿನ ಕಮ್ಮಾರ ಕುಡುಗೋಲಿಗೆ ಮಾಡುವಂತೆ ಕೆಂಪಗೆ ಕಾಯಿಸಿ, ತಣ್ಣೀರಿಗೆ ಅದ್ದಿ ನೀರು ಕುಡಿಸಿದರು. ಪಿನ್ನು ಗಾಜಿನಷ್ಟು ಗಟ್ಟಿಯಾಯಿತು. ಆ ಹೆಮ್ಮೆಯಲ್ಲಿ ಹೆಂಡತಿ ಭಾಗಮ್ಮನ ತಂದೆ, ಕಾಳಗಿಯ ಜಗದೇವಪ್ಪನವರನ್ನು ಹಿಂದೆ ಕೂರಿಸಿಕೊಂಡು ಬೀಗರೊಬ್ಬರ ಮನೆಗೆ ಹೊರಟರು. ಗಣಿಯ ಬಳಿ ಒಂದು ತಗ್ಗು. ಪಿನ್ನು ಟಕ್ಕೆಂದು ಎರಡಾಯಿತು. ಮಾವ ಹೊಸ ಧೋತರ, ರುಮಾಲು ಸಮೇತ ಕಲ್ಲು ಪಾಲಿಶಿನ ಬೂದು ರಾಡಿಯಲ್ಲಿ ಕುಳಿತಿದ್ದರು. ಮೈಗೆ ಒಂದು ಗೀರೂ ಆಗಲಿಲ್ಲ, ಆದದ್ದೆಲ್ಲ ಮರ್ಯಾದೆಗೆ. ಎದ್ದವರೇ ಬಸ್ಸಿನ ಕಡೆ ನಡೆದರು. ಅಳಿಯನ ಗಾಡಿಯನ್ನು ಅಂದಿನಿಂದ ಮುಟ್ಟಿಲ್ಲ.

"ಕುಡುಗೋಲು ಹುಲ್ಲು ಕೊಯ್ತದ್ರಿ, ಮಂದಿನ್ನ ಹೊರಂಗಿಲ್ಲ. ಗಟ್ಟಿ ಇರೋದು ಬ್ಯಾರೆ, ತಾಳೋದು ಬ್ಯಾರೆ. ಈ ಪಾಠ ನಾ ಮಾವಾರ ಧೋತರದ ಮ್ಯಾಲ ಕಲಿತೆ."

ಅಂದಿನಿಂದ ಹೆಸರಿಲ್ಲದ ಕಬ್ಬಿಣಕ್ಕೆ ಶೆಡ್ಡಿನೊಳಗೆ ಪ್ರವೇಶವಿಲ್ಲ. ತಲೆಯ ಮೇಲೆ ತಾಕತ್ತಿನ ನಂಬರು ಒತ್ತಿದ ದಪ್ಪ ಬೋಲ್ಟು, ಎಲ್ಲಿಯದೆಂದು ಖಾತ್ರಿಯಿರುವ ಸರಳು, ಇಷ್ಟೇ. ಗುಜರಿ ಅಂಗಡಿಯ ರಶೀದಾಬೇಗಂಗೆ ಇವರ ವಿಚಾರಣೆ ಕೇಳಿ ಸಾಕಾಗಿದೆ. ಎಲ್ಲಿಂದ ಬಂತು, ಮೊದಲು ಏನು ಕೆಲಸದಲ್ಲಿತ್ತು, ಎಂದಾದರೂ ಬೆಂಕಿಗೆ ಬಿದ್ದಿತ್ತೇ? "ಸಾಯಬಣ್ಣ ಭಾಯಿ, ನೀ ಕಬ್ಬಿಣ ಒಯ್ಯಾಕ ಬಂದಿಯೋ, ಹೆಣ್ಣು ನೋಡಾಕ ಬಂದಿಯೋ?" ಎಂದು ಆಕೆ ಗದರುತ್ತಾರೆ.

ಹೈಸ್ಕೂಲಿನ ಪ್ರಾಣೇಶ ಮಾಸ್ತರರು ಒಮ್ಮೆ ಮನೆ ಕಟ್ಟಿಸಿ ಉಳಿದ ಸರಳು ತಂದು, ಮಾಳಿಗೆ ಹೊತ್ತದ್ದು ತಮ್ಮನ್ನು ಹೊರುವುದಿಲ್ಲವೇ ಎಂದು ವಾದಕ್ಕಿಳಿದರು.

"ಮಾಳಿಗಿ ಕುಣಿಯಂಗಿಲ್ರಿ ಮಾಸ್ತರ. ನಿಮ್ಮ ಗಾಡಿ ಕುಣಿತದ," ಎಂದರು ಸಾಯಬಣ್ಣ. ಮಾಸ್ತರರು ಮರುದಿನ ನಂಬರಿನ ಬೋಲ್ಟು ಹಿಡಿದು ಬಂದರು.

ಸಿದ್ಧವಾದ ಪಿನ್ನು ಮೊದಲು ಸಾಯಬಣ್ಣನ ಗಾಡಿಗೇ. ಎರಡು ಉಸುಕಿನ ಚೀಲ ಹೇರಿ ಗಣಿ ರಸ್ತೆಯಲ್ಲಿ ಮೂರು ಸುತ್ತು, ಬಳಿಕ ಬಿಚ್ಚಿ ಬಿರುಕಿಗಾಗಿ ಹುಡುಕಾಟ. ಅದಾದ ಮೇಲೆ ಭಾಗಮ್ಮನ ಪಾಳಿ. ಅವರು ತಂಬಿಗೆಯಲ್ಲಿ ಮಜ್ಜಿಗೆ ಹಿಡಿದು ಹಿಂದೆ ಕೂರುತ್ತಾರೆ. ತುಳುಕಿದರೆ ಪಿನ್ನು ಕೂಡುವ ಬುಶ್ಶು ಸಡಿಲ, ಕೆಲಸ ಮತ್ತೆ ಮೊದಲಿಂದ.

"ಚೀಲಕ್ಕ ಬಾಯಿಲ್ಲ, ನನಗದ," ಎನ್ನುತ್ತಾರೆ ಭಾಗಮ್ಮ. ಅವರು ಹೀಗೆ ಕೂರಲು ಶುರುಮಾಡಿದ ಈ ಒಂಬತ್ತು ವರ್ಷದಲ್ಲಿ ಒಂದು ಪಿನ್ನೂ ಮುರಿದಿಲ್ಲ. ಸೀರೆಗೆ ಮಜ್ಜಿಗೆ ಬಿದ್ದದ್ದು ಎಷ್ಟು ಸಲವೋ ಅವರಿಗೇ ನೆನಪಿಲ್ಲ.

ಇಷ್ಟೆಲ್ಲ ಇದ್ದರೂ ಸಾಯಬಣ್ಣನಿಗೆ ಒಂದು ಕೊರಗು. "ಐದು ಊರಿನ ಮಂದಿ ನನ್ನ ಪಿನ್ನಿನ ಮ್ಯಾಲ ತಿರಗ್ಯಾಡ್ತಾರ. ಮಾವಾರು ಒಮ್ಮೆ ಕುಂತ್ರ ಸಾಕಿತ್ರಿ," ಎನ್ನುತ್ತಾರೆ.

ಮಗಳನ್ನು ನೋಡಲು ಬಂದಿದ್ದ ಮಾವ ಇವತ್ತೇ ಕಾಳಗಿಗೆ ಹೊರಟಿದ್ದಾರೆ, ಎಂದಿನಂತೆ ಬಸ್ಸಿಗೆ. ಸಾಯಬಣ್ಣ ಗಾಡಿಯನ್ನು ಒರೆಸಿ ಅಂಗಳಕ್ಕೆ ತಂದು ನಿಲ್ಲಿಸುತ್ತಾರೆ.

"ಅಪ್ಪಾ, ಒಂಬತ್ತು ವರ್ಷಾತು ನಾ ಇದರ ಮ್ಯಾಲ ಕುಂದ್ರಾಕ ಹತ್ತಿ. ನಿನ್ನ ಮಗಳು ಒಮ್ಮೆರೆ ಬಿದ್ದಾಳೇನು?" ಎನ್ನುತ್ತಾರೆ ಭಾಗಮ್ಮ.

ಜಗದೇವಪ್ಪ ಗಾಡಿಯ ಸುತ್ತ ಒಂದು ಸುತ್ತು ಬರುತ್ತಾರೆ. ಬಗ್ಗಿ ಪಿನ್ನು ನೋಡುತ್ತಾರೆ. "ಈ ಕಬ್ಬಿಣ ಎಲ್ಲಿಂದು?"

ಸಾಯಬಣ್ಣ ನಿಂತಲ್ಲೇ ನೆಟ್ಟಗಾಗಿ ಅದರ ಪೂರ್ವಾಪರವನ್ನೆಲ್ಲ ಒಪ್ಪಿಸುತ್ತಾರೆ.

"ನೀರು ಕುಡಿಸಿಲ್ಲೇನು?"

"ಒಂದು ಹನಿ ಸೈತ ಇಲ್ರಿ ಮಾವಾರ."

"ಚಾಲೂ ಮಾಡಬ್ಯಾಡ. ಹ್ಯಾಂಡಲ್ ಬಿಗಿ ಹಿಡಿ." ಮುದುಕರು ಧೋತರ ಎತ್ತಿಕೊಂಡು ಹತ್ತಿ ಕುಳಿತು, ಮೂರು ಸಲ ಕುಪ್ಪಳಿಸುತ್ತಾರೆ. ಗಾಡಿ ಮೆತ್ತಗೆ ತಗ್ಗಿ ಮೆತ್ತಗೆ ಏಳುತ್ತದೆ. ಅವರು ಇಳಿದು ಧೋತರದ ಹಿಂಭಾಗ ಮುಟ್ಟಿ ನೋಡಿಕೊಂಡು, "ಇವತ್ತಿಗಿಷ್ಟು ಸಾಕು," ಎಂದು ಕೈಚೀಲ ಹಿಡಿದು ಬಸ್ಸಿಗೆ ನಡೆಯುತ್ತಾರೆ.

ಸಾಯಬಣ್ಣ ಹ್ಯಾಂಡಲ್ ಬಿಟ್ಟಿಲ್ಲ. ಮಾವ ತಿರುವಿನಲ್ಲಿ ಮರೆಯಾಗುವ ತನಕ ನೋಡಿ, ಕಣ್ಣೊರೆಸಿಕೊಂಡು ಹೇಳುತ್ತಾರೆ: "ನಿಂತ ಗಾಡಿ ತನಕ ಬಂದಾರ್ರಿ. ಇನ್ನ ರಸ್ತಾ ಅಷ್ಟ ಉಳದದ."