ಎಲ್ಲರ ರಜೆ, ದೊಡ್ಡಕ್ಕನ ಒಲೆ

ಒಲೆ ಹಚ್ಚುವ ಮೊದಲು ದೊಡ್ಡಕ್ಕ ಅದರ ಮೇಲೆ ಅಂಗೈ ಇಡುತ್ತಿದ್ದಳು. ರಾತ್ರಿಯೇ ಒರೆಸಿ ಮಲಗಿದ್ದರೂ ಬೆಳಿಗ್ಗೆ ಇನ್ನೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ, ತಣ್ಣಗಿನ ಕಬ್ಬಿಣದ ಮೇಲೆ ಬಲಗೈ ಊರಿ, ಕಣ್ಣು ಮುಚ್ಚಿ, "ಇವತ್ತು ಯಾರ ಹೊಟ್ಟೆಯೂ ಕೆಡದೆ ಇರಲಿ ದೇವರೇ" ಎಂದು ಬಾಯೊಳಗೇ ಅಂದುಕೊಂಡ ಮೇಲೆಯೇ ಕಡ್ಡಿ ಗೀರುವುದು. ಜ್ವರ ಬಂದ ದಿನವೂ ಇದು ತಪ್ಪಿದ್ದಿಲ್ಲ. ದೇವರ ಹತ್ತಿರ ಅವಳು ಬೇರೇನನ್ನೂ ಕೇಳುತ್ತಿರಲಿಲ್ಲ. ಕೇಳುವುದಕ್ಕೆ ಇಲ್ಲವೆಂದಲ್ಲ, ಬೆಳಗಿನ ಹೊತ್ತು ಪಾಪ ಅವನಿಗೂ ನೂರೆಂಟು ಕೆಲಸ, ಹೆಚ್ಚು ಹೊತ್ತು ನಿಲ್ಲಿಸಿಕೊಳ್ಳಬಾರದು ಎಂಬುದು ಅವಳ ಎಣಿಕೆ.

ಹುಡುಗಿಯರ ಹಾಸ್ಟೆಲೊಂದರಲ್ಲಿ ಅವಳು ಅಡುಗೆಯವಳು. ತಲೆಗೂದಲು ಕಪ್ಪಿದ್ದಾಗ ಸೇರಿದವಳು ಅಲ್ಲೇ ಬೆಳ್ಳಗಾಗಿದ್ದಳು. ಮದುವೆಯಾಗಲಿಲ್ಲ. ಆಗಬೇಕಾದ ವಯಸ್ಸಿನಲ್ಲಿ ಹಾಸಿಗೆ ಹಿಡಿದ ತಾಯಿ, ಮಣ್ಣಾಡುವ ತಮ್ಮ, ಶಾಲೆಗೆ ಹೋಗುವ ತಂಗಿ ಮೂವರೂ ಕೊರಳಿಗೆ ಬಿದ್ದಿದ್ದರು. ಎಲ್ಲರನ್ನೂ ಒಂದು ದಡ ಮುಟ್ಟಿಸಿ ತಿರುಗಿ ನೋಡುವಷ್ಟರಲ್ಲಿ ತನ್ನ ಕಾಲ ಕಳೆದುಹೋಗಿತ್ತು. ಈಗ ತಂಗಿ ಎಲ್ಲರಿಗೂ ಚಿಕ್ಕಕ್ಕ. ಗಂಡನಿಗೆ ಯಾವುದೋ ಕಚೇರಿಯಲ್ಲಿ ದೊಡ್ಡ ಕುರ್ಚಿ. ತಮ್ಮ, ಕಟ್ಟಡಗಳಿಗೆ ಗಾಜು ಹಾಕಿಸುವ ಗುತ್ತಿಗೆದಾರ. ಹೊಟ್ಟೆ ಬಂದು, ತಲೆ ಬೋಳಾಗಿದ್ದರೂ ಅಕ್ಕಂದಿರಿಗೆ ಇನ್ನೂ ಪುಟ್ಟ.

ಪ್ರತಿ ಬೇಸಿಗೆಯಲ್ಲೂ ಇಡೀ ಬಳಗ ಸರೋವರದ ದಡದ ಒಂದು ಬಾಡಿಗೆ ಮನೆಯಲ್ಲಿ ಸೇರುತ್ತಿತ್ತು. ಪುಟ್ಟನ ಸಂಸಾರ, ಚಿಕ್ಕಕ್ಕನ ಸಂಸಾರ, ಚಿಕ್ಕಪ್ಪನ ಮಕ್ಕಳು, ಅವರ ಮಕ್ಕಳು, ಒಬ್ಬ ಮುದಿ ಸೋದರಮಾವ, ಎಲ್ಲ ಸೇರಿ ಇಪ್ಪತ್ತಕ್ಕೂ ಮಿಕ್ಕಿ ಬಾಯಿ. ಉಳಿದವರು ರಜೆ ಹಾಕಿ ಆರಾಮಕ್ಕೆ ಬರುತ್ತಿದ್ದರು. ದೊಡ್ಡಕ್ಕ ರಜೆ ಹಾಕಿ ಅಡುಗೆಗೆ ಬರುತ್ತಿದ್ದಳು. ಮೊದಲ ವರ್ಷ ಯಾರೋ "ನಿನ್ನ ಕೈ ಅಡುಗೆ ತಿಂದು ಎಷ್ಟು ಕಾಲ ಆಯ್ತು ಅಕ್ಕಾ" ಎಂದಿದ್ದರು. ಅವಳು ಖುಷಿಯಿಂದ ಸೌಟು ಹಿಡಿದಳು. ಎರಡನೆಯ ವರ್ಷ ಯಾರೂ ಕೇಳಲಿಲ್ಲ. ಸೌಟು ಅವಳಿಗಾಗಿ ಕಾಯುತ್ತಿತ್ತು.

ಆ ಮನೆಯಲ್ಲಿ ಪಾತ್ರೆಗಳೆಂದರೆ ಬೊಂಬೆಯಾಟದ ಸಾಮಾನು. ಅದಕ್ಕೇ ಅವಳು ತನ್ನ ದೊಡ್ಡ ಹಂಡೆಯನ್ನು ಹೊದಿಕೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ತರುತ್ತಿದ್ದಳು. ನಾಲ್ಕು ಬರ್ನರಿನ ಒಲೆಯಲ್ಲಿ ಉರಿಯುತ್ತಿದ್ದದ್ದು ಎರಡು. ಕಿಟಕಿಯನ್ನು ಯಾರೋ ಪುಣ್ಯಾತ್ಮರು ಬಣ್ಣ ಬಳಿಯುವಾಗ ಚೌಕಟ್ಟಿಗೆ ಸೇರಿಸಿ ಬಳಿದಿದ್ದರಿಂದ ಅದು ತೆರೆಯುತ್ತಿರಲಿಲ್ಲ. ಒಬ್ಬರಿಗೆ ಈರುಳ್ಳಿ ಆಗದು, ಇನ್ನೊಬ್ಬರಿಗೆ ಎಣ್ಣೆ ಕಂಡರೆ ಭಯ, ಒಂದು ಮಗು ಬೆಳ್ಳಗಿದ್ದದ್ದನ್ನು ಬಿಟ್ಟು ಬೇರೇನೂ ಮುಟ್ಟದು. ಬೆಳಗಿನ ಬ್ರೆಡ್ಡು, ಮೊಟ್ಟೆ ಮುಗಿಯುವಷ್ಟರಲ್ಲಿ ಈಜಿ ಬಂದವರು ಒದ್ದೆ ಮೈಯಲ್ಲೇ ನಿಂತು, "ದೊಡ್ಡತ್ತೆ, ಮಧ್ಯಾಹ್ನಕ್ಕೇನು?" ಎನ್ನುವರು. ಅವರ ಮೈಯಿಂದ ಇಳಿದ ನೀರನ್ನು ಒರೆಸಿಕೊಂಡು ಅವಳು ಆಲೂಗಡ್ಡೆ ಸುಲಿಯಲು ಕೂರುವಳು.

ಇನ್ನೊಂದು ಮಾತಿದೆ. ಆ ಬಳಗದವರೆಲ್ಲ ದೊಡ್ಡಕ್ಕನಿಗೆ ಕಿವಿ ಕೇಳುವುದಿಲ್ಲ ಎಂದು ನಂಬಿದ್ದರು.

ಅವಳ ಕಿವಿ ಚುರುಕಾಗೇ ಇತ್ತು. ಹಾಸ್ಟೆಲಿಗೆ ಸೇರಿದ ಹೊಸದರಲ್ಲಿ ಮಾತಾಡುತ್ತಾ ಉಪ್ಪು ಹಾಕಿ, ಹಾಕಿದ್ದು ಮರೆತು ಮತ್ತೆ ಹಾಕಿ, ಇಡೀ ಹಂಡೆ ಚರಂಡಿ ಪಾಲಾಗಿತ್ತು. ಅವತ್ತಿನಿಂದ ಉಪ್ಪಿನ ಡಬ್ಬಿ ತೆರೆದರೆ, ಹಾಕಿ ಕಲಕಿ ರುಚಿ ನೋಡುವ ತನಕ ಅವಳು ಬಾಯಿ ಬಿಡುತ್ತಿರಲಿಲ್ಲ, ಯಾರು ಕೂಗಿದರೂ ತಿರುಗುತ್ತಿರಲಿಲ್ಲ. ಇದನ್ನು ಕಂಡ ಚಿಕ್ಕಕ್ಕನ ಗಂಡ, "ಪಾಪ, ಕಿವಿ ಹೋಗಿದೆ. ಪಾತ್ರೆ ಸದ್ದಿನಲ್ಲಿ ಕೆಲಸ ಮಾಡೋರಿಗೆ ಹೀಗೇ ಆಗೋದು" ಎಂದು ತೀರ್ಪು ಕೊಟ್ಟ. ಎಲ್ಲರೂ ಅರಚಲು ಶುರು ಮಾಡಿದರು.

"ನಂಗೆ ಕೇಳ್ಸುತ್ತೆ ಕಣ್ರೋ" ಎಂದು ಅವಳು ಒಮ್ಮೆ ಹೇಳಿಯೂ ನೋಡಿದ್ದಳು.

"ಕೇಳ್ದೇ ಇರೋರೆಲ್ಲ ಹೀಗೇ ಅನ್ನೋದು!" ಎಂದು ಅವಳ ಕಿವಿಗೇ ಬಾಯಿಟ್ಟು ಕೂಗಿ ಅವರೆಲ್ಲ ನಕ್ಕಿದ್ದರು. ಸಾಯಲಿ ಎಂದು ಅವಳೂ ಬಿಟ್ಟಳು. ನಿಜವಾಗಿ ಕಿವಿ ಕೇಳದೇ ಇದ್ದದ್ದು ಸೋದರಮಾವನಿಗೆ. ಅವರು ಯಾರು ಏನೆಂದರೂ ನಕ್ಕು ತಲೆಯಾಡಿಸುತ್ತಿದ್ದುದರಿಂದ ಆ ವಿಷಯ ಒಬ್ಬರಿಗೂ ತಿಳಿದಿರಲಿಲ್ಲ. ಬಳಗದಲ್ಲೆಲ್ಲ ಅವರಷ್ಟು ಚೆನ್ನಾಗಿ ಮಾತು ಕೇಳುವವರಿಲ್ಲ ಎಂಬ ಹೆಸರೇ ಇತ್ತು.

ಈ ವರ್ಷ ದೊಡ್ಡಕ್ಕ ಹಂಡೆಯ ಜೊತೆ ಒಂದು ಆಸೆಯನ್ನೂ ಹೊತ್ತು ತಂದಿದ್ದಳು. ಹಾಸ್ಟೆಲಿನವರು ಅಡುಗೆಯನ್ನು ಹೊರಗಿನವರಿಗೆ ವಹಿಸಿಬಿಟ್ಟಿದ್ದರು. ಬೇಸಿಗೆ ಮುಗಿದರೆ ಅವಳ ಕೆಲಸವೂ ಇಲ್ಲ, ಅಡುಗೆಮನೆಯ ಹಿಂದಿನ ಅವಳ ಕೋಣೆಯೂ ಇಲ್ಲ. ಪುಟ್ಟ ಈಚೆಗೆ ಮನೆಯ ಮೇಲೊಂದು ಮಹಡಿ ಎತ್ತಿಸಿದ್ದ. ಅಲ್ಲೊಂದು ಕೋಣೆ, ಒಂದು ಗೋಡೆ ಪೂರ್ತಿ ಗಾಜು. ಫೋನಿನಲ್ಲಿ ಚಿತ್ರ ತೋರಿಸಿ, "ಇಲ್ಲಿ ನಿಂತ್ರೆ ಬರೀ ಆಕಾಶ ಅಕ್ಕಾ" ಎಂದಿದ್ದ. ಆ ಚಿತ್ರ ಅವಳ ಕಣ್ಣಲ್ಲಿ ಕಟ್ಟಿತ್ತು. ಹುಟ್ಟಿದ ಮನೆಯಲ್ಲಿ ಮಲಗಿದ್ದು ಒಲೆಯ ಪಕ್ಕ, ಹಾಸ್ಟೆಲಿನಲ್ಲಿ ಒಲೆಯ ಗೋಡೆಯ ಆಚೆ. ಈರುಳ್ಳಿ, ಎಣ್ಣೆಯ ವಾಸನೆ ಇಲ್ಲದ ಕೋಣೆಯೊಂದರಲ್ಲಿ ಕಣ್ಣು ಮುಚ್ಚಿದರೆ ನಿದ್ದೆ ಹೇಗಿರುತ್ತದೆ ಎಂದು ಈ ವಯಸ್ಸಿನಲ್ಲಿ ನೋಡುವ ಆಸೆ. ಪುಟ್ಟ ಇಲ್ಲವೆನ್ನಲಾರ. ಆದರೂ ಬಾಯಿಬಿಟ್ಟು ಕೇಳಬೇಕಲ್ಲ.

ಕೇಳಲು ಅವನು ಸಿಗಬೇಕಲ್ಲ! ಅವನು ದೋಣಿಯಲ್ಲಿದ್ದರೆ ಇವಳು ಒಲೆಯ ಮುಂದೆ. ಅವನು ಊಟಕ್ಕೆ ಕೂತರೆ ಇವಳು ಬಡಿಸುವುದರಲ್ಲಿ. ಕೊನೆಗೊಂದು ಮಧ್ಯಾಹ್ನ ನೀರು ಕುಡಿಯಲು ಒಳಗೆ ಬಂದವನನ್ನು ತಡೆದು ನಿಲ್ಲಿಸಿದಳು.

"ಪುಟ್ಟಾ, ಹಾಸ್ಟೆಲಿನವರು ನನ್ನ ಬಿಡ್ಸಿದಾರೆ ಕಣೋ. ಕೋಣೇನೂ ಹೋಯ್ತು."

ಅವನ ಕೈಯ ಲೋಟ ಅರ್ಧದಲ್ಲೇ ನಿಂತಿತು. "ಅಯ್ಯೋ! ಯಾವಾಗ? ಮೊದಲೇ ಹೇಳ್ಬಾರ್ದಿತ್ತಾ!" ಎಂದು ಊರಿಗೆಲ್ಲ ಕೇಳುವಂತೆ ಕೂಗಿದ.

"ಅದಕ್ಕೇ ನಿನ್ನ ಒಂದು ಮಾತು ಕೇಳೋಣ ಅಂತ..."

ಅಷ್ಟರಲ್ಲಿ ಬೆಳ್ಳಗಿದ್ದದ್ದನ್ನೇ ತಿನ್ನುವ ಮಗು ಬಾಗಿಲಲ್ಲಿ ಬಿದ್ದು ಮೊಣಕಾಲು ಒಡೆದುಕೊಂಡು ಮನೆ ಹಾರಿಹೋಗುವಂತೆ ಅತ್ತಿತು. "ನೀನು ಯೋಚನೆ ಮಾಡ್ಬೇಡಕ್ಕಾ, ನಾನಿದೀನಿ. ಮಾತಾಡಿ ಹೇಳ್ತೀನಿ" ಎಂದು ಪುಟ್ಟ ಮಗುವನ್ನು ಎತ್ತಿಕೊಂಡು ಹೊರಟ. ಮಹಡಿಯ ಮಾತು ಅವಳ ಗಂಟಲಲ್ಲೇ ಉಳಿಯಿತು. ಉಳಿದರೇನು, ನಾನಿದೀನಿ ಎಂದನಲ್ಲ. ಅವತ್ತು ಪಾತ್ರೆ ತಿಕ್ಕುವಾಗ ಅವಳು ಗುನುಗುತ್ತಿದ್ದಳಂತೆ. ಮಕ್ಕಳು ಬಂದು ಇಣುಕಿ ನೋಡಿದವು.

ಮರುದಿನ ಸಂಜೆ ಅವಳು ತರಕಾರಿ ಸೂಪಿಗೆ ಉಪ್ಪು ಹಾಕುವ ಹೊತ್ತಿಗೆ ಸರಿಯಾಗಿ ಪುಟ್ಟನ ಹೆಂಡತಿ ಐಸು ತೆಗೆಯಲು ಫ್ರಿಜ್ಜಿನ ಹತ್ತಿರ ಬಂದಳು. ಹಿಂದೆಯೇ ಚಿಕ್ಕಕ್ಕ, ಅವಳ ಹಿಂದೆ ಪುಟ್ಟ.

"ಅತ್ತಿಗೇ, ಘಮ ಘಮ ಅಂತಿದೆ!" ಎಂದು ಪುಟ್ಟನ ಹೆಂಡತಿ ಅರಚಿದಳು. ಉಪ್ಪಿನ ಡಬ್ಬಿ ತೆರೆದಿತ್ತು. ದೊಡ್ಡಕ್ಕ ತಿರುಗಲಿಲ್ಲ.

"ನೋಡಿದ್ರಾ, ಕೇಳ್ಸಲ್ಲ" ಎಂದು ಅವಳು ದನಿ ಇಳಿಸಿ ಗಂಡನ ಕಡೆ ತಿರುಗಿದಳು. "ಕರ್ಕೊಂಡೇ ಹೋಗೋಣ ರೀ. ಹೇಗಿದ್ರೂ ನಮ್ಮ ಅಡುಗೆಯವಳು ಕೈ ಕೊಟ್ಟು ಹೋದಳಲ್ಲ. ಹುಡುಕೋದು ತಪ್ಪಿತು."

"ನೀವೇ ಪೂರ್ತಿ ಇಟ್ಕೊಂಡುಬಿಟ್ರೆ ನಮ್ಮ ಗತಿ?" ಎಂದಳು ಚಿಕ್ಕಕ್ಕ. "ನಮ್ಮನೆಗೆ ಜನ ಬಂದಾಗ ಕಳ್ಸಿ ಕೊಡ್ಬೇಕು ಮತ್ತೆ. ನಂಗೂ ಅಕ್ಕಾನೇ ಅವಳು."

"ಅಕ್ಕ ಅಂತ ಈಗ ನೆನಪಾಯ್ತಾ?" ಎಂದು ಪುಟ್ಟನ ಹೆಂಡತಿ ಚುಚ್ಚಿದಳು.

"ಬಾಯಿ ಮುಚ್ಚೇ!"

ಇಬ್ಬರೂ ನಕ್ಕರು. ಐಸಿನ ತಟ್ಟೆಯನ್ನು ಕಟ್ಟೆಗೆ ಬಡಿದ ಸದ್ದು.

"ಮಲಗೋಕೆ ಎಲ್ಲಿ? ಮೇಲಿನ ಕೋಣೆ..." ಪುಟ್ಟನ ದನಿ.

ದೊಡ್ಡಕ್ಕನ ಸೌಟು ಒಂದು ಗಳಿಗೆ ನಿಂತಿತು.

"ಮೇಲಿನ ಕೋಣೆನಾ? ಬಂದೋರಿಗೆ ತೋರಿಸೋಕೆ ಅಂತ ಇರೋದೇ ಅದೊಂದು. ಉಗ್ರಾಣ ಖಾಲಿ ಮಾಡಿದ್ರಾಯ್ತು. ಅಡುಗೆಮನೆಗೆ ಅಂಟ್ಕೊಂಡೇ ಇದೆ. ಅವ್ರಿಗೂ ಅನುಕೂಲ" ಎಂದಳು ಅವನ ಹೆಂಡತಿ.

ಪುಟ್ಟ ಒಂದು ಐಸಿನ ತುಂಡನ್ನು ಬಾಯಿಗೆ ಹಾಕಿಕೊಂಡ. ಆಮೇಲೆ ನಗುತ್ತಾ, "ಅದೂ ನಿಜ ಬಿಡು. ಅಕ್ಕಂಗೆ ಒಗ್ಗರಣೆ ವಾಸನೆ ಬಡೀದಿದ್ರೆ ನಿದ್ದೇನೇ ಬರಲ್ಲ" ಎಂದ.

"ನೀವೇ ಎಲ್ಲರ ಮುಂದೆ ಹೇಳಿ, ಊಟಕ್ಕೆ ಕೂತಾಗ. ಪಾಪ, ಅತ್ತೇಬಿಡ್ತಾರೆ ನೋಡಿ ಸಂತೋಷಕ್ಕೆ."

ಅವರು ಹೋದರು. ದೊಡ್ಡಕ್ಕ ಕಲಕುತ್ತಲೇ ಇದ್ದಳು. ಪುಟ್ಟ ಸಣ್ಣವನಿದ್ದಾಗ ಒಂದು ದಿನ ಶಾಲೆಯಿಂದ ಅಳುತ್ತಾ ಬಂದಿದ್ದ. ಅವನ ಅಂಗಿ ಎಣ್ಣೆ ವಾಸನೆ ಹೊಡೆಯುತ್ತದೆ ಎಂದು ಯಾರೂ ಪಕ್ಕದಲ್ಲಿ ಕೂರುತ್ತಿರಲಿಲ್ಲವಂತೆ. ಅಂದಿನಿಂದ ಅವನು ಶಾಲೆ ಮುಗಿಸುವ ತನಕ ಅವನ ಬಟ್ಟೆಯನ್ನು ಬೇರೆಯಾಗಿ ಒಗೆದು, ಬೀದಿಯ ಆ ತುದಿಯಲ್ಲಿದ್ದ ಹೊಲಿಗೆಯವಳ ಮನೆಯಂಗಳದಲ್ಲಿ ಒಣಗಿಸಿ ತರುತ್ತಿದ್ದಳು. ಬಟ್ಟೆ ಒಣಹಾಕಲು ಅಲ್ಲೊಂದು ಹಗ್ಗ ಕಟ್ಟಿಕೊಂಡದ್ದಕ್ಕೆ ಹೊಲಿಗೆಯವಳಿಂದ ಕೇಳದ ಮಾತಿಲ್ಲ. ಆ ವಾಸನೆ ಎಂಥದ್ದು ಎಂದು ಈ ಲೋಕದಲ್ಲಿ ಅವಳನ್ನು ಬಿಟ್ಟರೆ ಗೊತ್ತಿದ್ದವನು ಅವನೊಬ್ಬನೇ.

ಉಪ್ಪು ಸರಿಯಾಗೇ ಬಿದ್ದಿತ್ತು. ಅವತ್ತಿನ ಸೂಪಿನಷ್ಟು ರುಚಿ ಹಿಂದೆಂದೂ ಇರಲಿಲ್ಲ ಎಂದು ಹಂಡೆಯ ತಳ ಕೆರೆದು ಬಡಿಸಿಕೊಂಡರು.

ಮಲಗುವಾಗ ಅವಳು ಅಳಲು ನೋಡಿದಳು. ಬರಲಿಲ್ಲ. ಬದಲಿಗೆ ಲೆಕ್ಕ ಹಾಕಿದಳು: ತಲೆಯ ಮೇಲೆ ಸೂರು, ಹೊತ್ತಿಗೆ ಊಟ, ಕಾಯಿಲೆ ಬಿದ್ದರೆ ನೋಡುವವರು. ಉಗ್ರಾಣವೇನು ಕಾಡಲ್ಲ. ಈ ವಯಸ್ಸಿನಲ್ಲಿ ಬೇರೆ ಯಾರು ಕೆಲಸ ಕೊಡುತ್ತಾರೆ? ಅವನು ಅಂದದ್ದು ತಮಾಷೆಗೆ ಇದ್ದೀತು. ಹೆಂಡತಿಯ ಮುಂದೆ ಗಂಡಸರು ಏನೇನೋ ಅನ್ನುತ್ತಾರೆ. ಎಲ್ಲರ ಮುಂದೆ ಹೇಳುವಾಗ ಅವನ ಬಾಯಿಂದಲೇ ಬೇರೆ ಮಾತು ಬಂದರೂ ಬಂದೀತು. ಹೀಗೆ ಮನಸ್ಸು ಹಗುರ ಮಾಡಿಕೊಂಡು ನಿದ್ದೆ ಹೋದಳು.

ಕೊನೆಯ ದಿನದ ಊಟ. ಉದ್ದನೆಯ ಮೇಜಿನ ಸುತ್ತ ಬಿಸಿಲಿಗೆ ಕಂದಿದ ಮೂಗುಗಳು. ದೊಡ್ಡಕ್ಕ ಬೇಯಿಸಿದ ಮೀನಿನ ತಟ್ಟೆ ಹಿಡಿದು ಬರುವುದಕ್ಕೂ ಪುಟ್ಟ ಚಮಚದಿಂದ ಲೋಟ ತಟ್ಟಿ ಎದ್ದು ನಿಲ್ಲುವುದಕ್ಕೂ ಸರಿಹೋಯಿತು.

"ಎಲ್ಲರೂ ಸ್ವಲ್ಪ ಕೇಳಿ! ಅಕ್ಕಾ, ನೀನೂ ಕೇಳು!" ಅವನ ಕತ್ತಿನ ನರ ಉಬ್ಬಿತು. "ದುಡಿದದ್ದು ಸಾಕು ನೀನು! ಇನ್ಮೇಲೆ ಹಾಸ್ಟೆಲ್ಲು ಗೀಸ್ಟೆಲ್ಲು ಇಲ್ಲ! ಇವತ್ತಿಂದ ನಮ್ಮನೇನೇ ನಿನ್ನ ಮನೆ!"

ಚಪ್ಪಾಳೆ ಬಿತ್ತು. ಮಕ್ಕಳು ಮೇಜು ಬಡಿದರು. ಸೋದರಮಾವ ನಕ್ಕು ತಲೆಯಾಡಿಸಿದರು. "ತಮ್ಮ ಅಂದ್ರೆ ಹೀಗಿರ್ಬೇಕು ನೋಡಿ" ಎಂದ ಚಿಕ್ಕಕ್ಕನ ಗಂಡ. ಪುಟ್ಟನ ಹೆಂಡತಿ ಆಗಲೇ ಒಂದು ಕರವಸ್ತ್ರ ಮಡಿಸಿಕೊಂಡು ಕೊಡಲು ಸಿದ್ಧವಾಗಿ ಕೂತಿದ್ದಳು.

ದೊಡ್ಡಕ್ಕ ತಟ್ಟೆಯನ್ನು ಮೇಜಿನ ಮೇಲಿಟ್ಟಳು.

"ಮೇಲಿನ ಕೋಣೆ ಕೊಡ್ತೀಯಾ ಪುಟ್ಟಾ?"

ಅವಳು ಅದನ್ನು ಮೆಲ್ಲಗೇ ಕೇಳಿದಳು. ಆದರೂ ಮೇಜಿನ ಆ ತುದಿಯವರೂ ತಿರುಗಿ ನೋಡಿದರು. ಪುಟ್ಟ ಹೆಂಡತಿಯ ಕಡೆ ನೋಡಿದ. ಅವಳು ಕರವಸ್ತ್ರ ನೋಡಿಕೊಂಡಳು.

"ಅದು... ಮೆಟ್ಟಿಲು ಹತ್ತೋದು ನಿಂಗೆ ಕಷ್ಟ ಅಕ್ಕಾ. ಕೆಳಗೇ ಒಂದು ಒಳ್ಳೇ ಕೋಣೆ ಇದೆ. ತಂಪಾಗಿರುತ್ತೆ."

"ಹಾಸ್ಟೆಲಿನಲ್ಲಿ ದಿನಾ ಮೂಟೆ ಹೊತ್ಕೊಂಡು ಮೆಟ್ಟಿಲು ಹತ್ತಿಳಿತಿದ್ದೆ."

"ಈಗ ವಯಸ್ಸಾಯ್ತಲ್ಲ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಅವನ ಮುಖವನ್ನು ಅವಳು ಇನ್ನೊಂದು ಕ್ಷಣ ನೋಡಿದಳು. ಅಲ್ಲಿ ಇನ್ನೇನಾದರೂ ಇದೆಯೇ ಎಂದು ಹುಡುಕಿದಂತಿತ್ತು.

"ಬೇಡ ಕಣೋ. ನಾನು ಬರಲ್ಲ."

"ಅಯ್ಯೋ, ಇದೇನು ಅತ್ತಿಗೆ!" ಎಂದು ಪುಟ್ಟನ ಹೆಂಡತಿ ಕೂಗುವುದನ್ನೂ ಮರೆತು ಅಂದಳು. "ನಾವು ಇಷ್ಟು ಪ್ರೀತಿಯಿಂದ ಕರೆದ್ರೆ..."

"ಕೊಟ್ಟರೆ ತಗೊಳ್ಳೋಕೂ ಜಂಬ" ಎಂದು ಚಿಕ್ಕಕ್ಕನ ಗಂಡ ಗೊಣಗಿದ.

ಚಿಕ್ಕಕ್ಕ ಮಗಳ ತಟ್ಟೆಗೆ ಮೀನು ಹಾಕಿದಳು.

ದೊಡ್ಡಕ್ಕ ಅಡುಗೆಮನೆಗೆ ಹೋಗಿ ಹಂಡೆ ತೊಳೆದು, ಒರೆಸಿ, ಹೊದಿಕೆಯಲ್ಲಿ ಸುತ್ತಿದಳು. ಗಂಟು ಹಾಕುವಾಗ ಪುಟ್ಟ ಬಂದು ಬಾಗಿಲಲ್ಲಿ ನಿಂತ.

"ಎಲ್ಲರ ಮುಂದೆ ನನ್ನ ಮುಖಕ್ಕೆ ಹೊಡೆದ ಹಾಗೆ ಮಾಡಿಬಿಟ್ಟೆಯಲ್ಲ ಅಕ್ಕಾ. ಎಲ್ಲಿಗೆ ಹೋಗ್ತೀಯ ಈಗ?"

"ಗೊತ್ತಿಲ್ಲ."

ಅದು ನಿಜವಾಗಿತ್ತು. ಹಾಸ್ಟೆಲಿನ ಕಸ ಗುಡಿಸುವವಳು ಒಮ್ಮೆ ತನ್ನ ಮನೆಯ ಅರ್ಧ ಕೋಣೆಯ ಮಾತೆತ್ತಿದ್ದಳು. ಅವಳು ಅದನ್ನು ಮನಸ್ಸಿಟ್ಟು ಅಂದಳೋ, ಬಾಯಿಮಾತಿಗೆ ಅಂದಳೋ, ಹೋಗಿ ಕೇಳಿದ ಮೇಲಷ್ಟೇ ತಿಳಿಯುವುದು. ಅದರ ಪಕ್ಕದಲ್ಲೂ ಒಂದು ಒಲೆಯೇ ಇರಬಹುದು.

ಪುಟ್ಟ ನಿಂತಲ್ಲೇ ಕಾಲು ಬದಲಾಯಿಸಿದ. ಅವನ ಕಣ್ಣು ಒದ್ದೆಯಾಗಿತ್ತು. ಅದು ಅವಮಾನಕ್ಕೋ, ದುಃಖಕ್ಕೋ, ಅವನಿಗೇ ಗೊತ್ತಿದ್ದಂತಿರಲಿಲ್ಲ.

"ಹೋಗಲಿ, ಆ ಹಂಡೆ ಭಾರ ಇದೆ. ಕಾರಲ್ಲಿ ಬಿಟ್ಟು ಬರ್ತೀನಿ, ಬಾ."

"ಬೇಡಪ್ಪಾ" ಎಂದಳು ದೊಡ್ಡಕ್ಕ, ಗಂಟನ್ನು ಸೊಂಟಕ್ಕೆ ಏರಿಸಿಕೊಳ್ಳುತ್ತಾ. "ಬಸ್ಸಿದೆ. ನೀನು ಹೋಗಿ ಊಟ ಮಾಡು, ಆರಿಹೋಗುತ್ತೆ."