ಆಕಾಶದಲ್ಲೊಂದು ಉಪವಾಸ

ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸುತ್ತ, ಕಣ್ಣು ಅರೆ ಮುಚ್ಚಿ, ತುಟಿ ಅಲ್ಲಾಡಿಸದೆ ಲೆಕ್ಕ ಹಾಕುತ್ತಿದ್ದರು ಚಾಚಾ. ಡಬ್ಲಿನ್ನಿನ ಲೂಕನ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆ ಅವರದು, ಊರು ವಿಜಯಪುರ. ಡಬ್ಲಿನ್ನಿನಿಂದ ಬೆಂಗಳೂರಿಗೆ ಎಂಟು ಸಾವಿರ ಕಿಲೋಮೀಟರು ಎಂದು ನನ್ನ ಫೋನು ಹೇಳಿದರೆ ಚಾಚಾ ನಗುತ್ತಿದ್ದರು. "ಎರಡು ಊಟ, ಮೂರು ನಮಾಜು, ಒಂದು ಸಣ್ಣ ನಿದ್ದಿ. ಅಷ್ಟ ದೂರ."

ನನಗೋ ವಿಮಾನವೆಂದರೆ ಕೈಕಾಲು ತಣ್ಣಗಾಗುತ್ತಿತ್ತು. ಆರು ವರ್ಷ ಊರಿಗೇ ಹೋಗಿರಲಿಲ್ಲ. ತಂಗಿಯ ಮದುವೆಗೆ ನಿದ್ದೆ ಮಾತ್ರೆ ನುಂಗಿ ಹೇಗೋ ಹೋದೆ. ವಾಪಸ್ಸು ಬರುವಾಗ ಚಾಚಾ ಜೊತೆಗಿದ್ದರು. ದುಬೈವರೆಗೆ ವಿಮಾನ ಎಷ್ಟು ಕುಲುಕಿತೆಂದರೆ, ಅಲ್ಲಿ ವಿಮಾನ ಬದಲಿಸಲು ಇಳಿದವಳೇ ಕುರ್ಚಿ ಹಿಡಿದು ಕೂತುಬಿಟ್ಟೆ.

"ನಾನು ಹತ್ತಲ್ಲ ಚಾಚಾ. ನೀವು ಹೋಗಿ."

ಅವರು ಬುದ್ಧಿ ಹೇಳಲಿಲ್ಲ. ಪಕ್ಕದಲ್ಲಿ ಕೂತು ಕನ್ನಡಕ ಒರೆಸಿಕೊಂಡರು. "ನನ್ನ ಕಣ್ಣಿಗೆ ಪೊರಿ ಬಂದೈತಿ ಯವ್ವಾ. ಇವತ್ತ ರೋಜಾ ಹಿಡದೀನಿ. ಹೊತ್ತು ಮುಳುಗಿದ್ದು ಯಾರು ನೋಡಿ ಹೇಳವರು? ನೀ ಬರದಿದ್ರ ನಾ ಉಪವಾಸನ."

ಪ್ರಯಾಣಿಕರಿಗೆ ಉಪವಾಸದಿಂದ ವಿನಾಯಿತಿ ಇದೆಯೆಂದು ನನಗೂ ಗೊತ್ತಿತ್ತು. ಆದರೂ ಎದ್ದೆ.

ಎಡಗಡೆಯ ಕಿಟಕಿಯಲ್ಲಿ ಸೂರ್ಯನನ್ನು ಕಾಯತೊಡಗಿದೆ. ನಾವು ಪಡುವಣಕ್ಕೆ ಹಾರುತ್ತಿದ್ದೆವು, ಅವನೂ ಪಡುವಣಕ್ಕೇ. ಸಂಜೆಯೆನ್ನುವುದು ಮುಗಿಯಲೇ ಇಲ್ಲ. ಕೆಳಗೆ ಮೋಡಗಳು ಕೇಸರಿಯಾದವು, ಗುಲಾಬಿಯಾದವು, ಮತ್ತೆ ಕೇಸರಿಯಾದವು. ಯಾವ ದೇಶದ ಮೇಲಿದ್ದೇವೆ, ಯಾವ ವಾರ ಎಂಬುದೆಲ್ಲ ಮರೆತೇಹೋಯಿತು. ಒಮ್ಮೆ "ಮುಳುಗ್ತು ಚಾಚಾ!" ಎಂದು ಕೂಗಿದೆ. ಅವರು ಖರ್ಜೂರವನ್ನು ತುಟಿಯ ಹತ್ತಿರ ಒಯ್ದಿದ್ದರು, ಅಷ್ಟರಲ್ಲಿ ಮೋಡದ ಗುಡ್ಡ ಸರಿದು ಸೂರ್ಯ ಮತ್ತೆ ಇಣುಕಿದ. ನನಗೆ ನಾಚಿಕೆಯಾಯಿತು. ಚಾಚಾ ಖರ್ಜೂರವನ್ನು ಕರವಸ್ತ್ರದಲ್ಲಿ ಸುತ್ತಿಟ್ಟು ಹೊಟ್ಟೆ ಹಿಡಿದು ನಕ್ಕರು. "ಇರ್ಲಿ ಬಿಡು, ಅವಗೂ ಮನಿಗೆ ಹೋಗಾಕ ಮನಸಿಲ್ಲ."

ಕೊನೆಗೂ ಅವನು ಇಳಿದ. ನಾನು ಹೇಳುವುದಕ್ಕೂ, ಉಪವಾಸ ಬಿಡುವ ಹೊತ್ತಾಯಿತೆಂದು ವಿಮಾನದಲ್ಲಿ ಘೋಷಣೆಯಾಗುವುದಕ್ಕೂ ಸರಿಹೋಯಿತು.

"ಇವರೇ ಹೇಳ್ತಾರಲ್ಲ ಚಾಚಾ! ನಿಮಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ನಿನಗ ಒಂದು ಕೆಲಸ ಬೇಕಿತ್ತಲ್ಲ," ಎಂದು ನನ್ನ ಅಂಗೈಗೂ ಒಂದು ಖರ್ಜೂರ ಇಟ್ಟರು. ಏಳು ಗಂಟೆಯಲ್ಲಿ ಒಮ್ಮೆಯೂ ನಾನು ಹೆದರಿರಲಿಲ್ಲ.

ಹೋದ ವರ್ಷ ಚಾಚಾ ತೀರಿಕೊಂಡರು. ಡಬ್ಲಿನ್ನಿನಲ್ಲೇ ಮಣ್ಣು ಮಾಡಿದರು. ವಿಜಯಪುರದಲ್ಲಿದ್ದ ಅವರ ಅಕ್ಕನಿಗೆ ಕೊನೆಯ ಮುಖ ನೋಡಲಾಗಲಿಲ್ಲ. ಫೋನಿನಲ್ಲಿ ಆ ತಾಯಿ ಅತ್ತದ್ದನ್ನು ಕೇಳಿ ನಾನು ಟಿಕೆಟ್ ತೆಗೆಸಿದೆ. ಅವರ ಮುಂದೆ ಕೂತು, ತಮ್ಮ ಹೇಗೆ ಹೋದ, ಯಾರು ಹೆಗಲು ಕೊಟ್ಟರು ಎಂದೆಲ್ಲ ಹೇಳಿದೆ. ಎಲ್ಲ ಕೇಳಿದ ಮೇಲೆ ಅವರು ನನ್ನ ಗಲ್ಲ ಸವರಿದರು.

"ಅಷ್ಟು ದೂರದಿಂದ ಒಬ್ಬಾಕೀನ ಬಂದೀ ಏನ್ ಯವ್ವಾ? ಹೆದರಿಕಿ ಆಗ್ಲಿಲ್ಲ?"

ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು.

"ಆಯ್ತು," ಎಂದೆ. "ಆದ್ರೂ ಬಂದೆ."