ಹೂವಿಗೆ ಸುದ್ದಿ ಮುಟ್ಟಿಲ್ಲ

ಹೊಸಪೇಟೆಯ ನಮ್ಮ ಮನೆಯ ಅಡುಗೆಮನೆ ಕಿಟಕಿಯಲ್ಲಿ ಹೋದ ವಾರದಿಂದ ಒಂದು ಆರ್ಕಿಡ್ ಗಿಡ ಕೂತಿದೆ. ಒಂದೇ ಕಡ್ಡಿಯಲ್ಲಿ ಏಳು ಹೂ. ಗಿಡಗಳ ಪ್ರದರ್ಶನಕ್ಕೆ ಹೋಗಿದ್ದ ಸೊಸೆ ತಾನೇ ಆರಿಸಿ ತಂದದ್ದು. ಮನೆಗೆ ಬಂದವರೆಲ್ಲ ಹೊಗಳಿದರು, ನಾನೂ ಹೊಗಳಿದೆ. ಆಮೇಲೆ ಅವಳು ಸ್ನಾನಕ್ಕೆ ಹೋದ ಹೊತ್ತು ನೋಡಿ, ಕುಂಡ ಎತ್ತಿ, ಬುಡದ ಒಂದು ಬೇರನ್ನು ಎರಡು ಬೆರಳ ನಡುವೆ ಮೆಲ್ಲಗೆ ಒತ್ತಿದೆ. ಮೇಲಿನ ಸಿಪ್ಪೆ ಜಾರಿ ಕೈಗೆ ಬಂತು. ಒಳಗೆ ಬರೀ ಒಂದು ದಾರದೆಳೆ. ಇನ್ನೊಂದೂ ಹಾಗೆಯೇ. ಎರಡು ಬೇರು ಮಾತ್ರ ಗಟ್ಟಿಯಾಗಿದ್ದವು. ಅವಳ ಹೆಜ್ಜೆ ಸಪ್ಪಳ ಕೇಳಿ ಕುಂಡವನ್ನು ಇದ್ದಲ್ಲಿಯೇ ಇಟ್ಟು, ಬೇಳೆ ಆರಿಸುವವಳ ಹಾಗೆ ಮುಖ ಮಾಡಿಕೊಂಡು ಕೂತೆ.

ಈ ವಯಸ್ಸಿನಲ್ಲಿ ಇಂಥ ಕಳ್ಳತನ ಯಾಕೆ ಎಂದು ನೀವು ಕೇಳಬಹುದು. ತಪ್ಪು ನನ್ನದಲ್ಲ, ನನ್ನ ಅತ್ತೆಯವರದು.

ನಮ್ಮ ಅತ್ತೆ ಕಂಪ್ಲಿಯವರು. ಕಾಲುವೆ ನೀರಿನ ಗದ್ದೆ, ಬಾಳೆ ತೋಟ, ಊರ ಹೊರಗೆ ಒಂದು ಅಕ್ಕಿ ಗಿರಣಿ ಇದ್ದ ಮನೆ. ಅವರು ಯಾವ ವಸ್ತುವನ್ನೂ ಮೇಲಿನಿಂದ ನೋಡಿದ್ದು ನಾನು ಕಾಣೆ. ಭತ್ತದ ಸಸಿಯ ಕಟ್ಟು ಬಂದರೆ ಬುಡ ಬಿಚ್ಚಿ ಬೇರು ಎಳೆದು ನೋಡುವರು. ಬಾಳೆಕಂದು ಬಂದರೆ ತಿರುಗಿಸಿ, ಉಗುರಿನಿಂದ ಗಡ್ಡೆ ಕೆರೆದು ಮೂಸುವರು. ಸಂತೆಯಲ್ಲಿ ಕೊತ್ತಂಬರಿ ಕಟ್ಟನ್ನೂ ತಲೆಕೆಳಗು ಹಿಡಿಯುತ್ತಿದ್ದರು. ಸೊಪ್ಪು ಮಾರುವವಳು, ಸಾರಿಗೆ ಹಾಕೋದು ಎಲಿನೋ ಬೇರೋ ಎಂದು ಕೇಳಿದರೂ ಅವರಿಗೆ ಅದರ ಪರಿವೆ ಇರಲಿಲ್ಲ.

ನನ್ನನ್ನು ನೋಡಲು ಸಂಡೂರಿಗೆ ಬಂದಾಗಲೂ ಅಷ್ಟೇ. ನಮ್ಮಪ್ಪ ಗಣಿ ಕಚೇರಿಯಲ್ಲಿ ಗುಮಾಸ್ತರು. ನಾನು ಹೆರಳು ಹಾಕಿಕೊಂಡು, ಮುಖಕ್ಕೆ ಪೌಡರ್ ಬಳಿದುಕೊಂಡು, ತಟ್ಟೆ ಹಿಡಿದು ಬಂದು ನಿಂತರೆ ಈ ಹೆಂಗಸಿನ ಕಣ್ಣು ನೆಲ ಬಿಟ್ಟು ಮೇಲೇಳಲಿಲ್ಲ. ನಾನು ತಿರುಗಿ ಒಳಗೆ ಹೋಗುವಾಗ ನನ್ನ ಹಿಮ್ಮಡಿಯನ್ನೇ ನೋಡುತ್ತಿದ್ದರಂತೆ. ನಮ್ಮವ್ವನಿಗೆ ಭಾಳ ಹೆಮ್ಮೆ: ಮಗಳ ಹಿಮ್ಮಡಿ ಒಂದು ಬಿರುಕೂ ಇಲ್ಲದೆ ಬೆಣ್ಣೆಯ ಹಾಗಿತ್ತು. ಮದುವೆಯಾದ ಎಷ್ಟೋ ದಿನಕ್ಕೆ ಗೊತ್ತಾಯಿತು, ಅತ್ತೆಯ ಲೆಕ್ಕದಲ್ಲಿ ಅದೇ ನನ್ನ ಕುಂದು. ಕೆಸರು ಕಾಣದ ಕಾಲು, ಇದು ನಮ್ಮ ಮನೆಯಲ್ಲಿ ನಿಲ್ಲುತ್ತದೋ ಇಲ್ಲವೋ ಎಂದು ಅವರು ದಾರಿಯುದ್ದಕ್ಕೂ ಮಾವನವರ ತಲೆ ತಿಂದಿದ್ದರಂತೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಾಲುವೆ ತುಂಬಿ ಹರಿಯುತ್ತಿತ್ತು, ಮನೆಯಲ್ಲಿ ಯಾವುದಕ್ಕೂ ಕಡಿಮೆ ಇರಲಿಲ್ಲ. ಆದರೆ ಅಂಗಳದಲ್ಲಿ ತಿನ್ನಲು ಬಾರದ ಒಂದು ಗಿಡವೂ ಇರಲಿಲ್ಲ. ಪೂಜೆಯ ಹೂವು ಕೂಡ ಸಂತೆಯಿಂದ ಬರಬೇಕು. ಸಂಡೂರಿನ ನಮ್ಮ ಪುಟ್ಟ ಮನೆಯ ಮುಂದೆ ಡಬ್ಬಿ, ಒಡೆದ ಬಕೆಟ್, ಎಲ್ಲದರಲ್ಲೂ ಹೂ ಬೆಳೆಸಿದವಳು ನಾನು. ಆರು ತಿಂಗಳು ಬಾಯಿ ಬಿಡಲಿಲ್ಲ. ಹೊಸಪೇಟೆಯಲ್ಲಿ ಡ್ಯಾಮಿನ ಹತ್ತಿರ ಹೂವಿನ ಪ್ರದರ್ಶನ ನಡೆಯುತ್ತಿದೆ ಎಂದು ಕೇಳಿದ ದಿನ ಧೈರ್ಯ ಮಾಡಿ, ನನಗೊಂದು ಹೂವಿನ ಗಿಡ ಬೇಕು ಎಂದೆ. ಆ ಮನೆಯಲ್ಲಿ ನಾನು ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಅದು. ಇಲ್ಲ ಎಂದಿದ್ದರೆ ಎರಡನೆಯದನ್ನು ಎಂದೂ ಕೇಳುತ್ತಿರಲಿಲ್ಲವೇನೋ. ಅತ್ತೆ ಇಲ್ಲ ಎನ್ನಲಿಲ್ಲ. ಬುಡ ಮಾತ್ರ ತಾವೇ ನೋಡಬೇಕು ಎಂದರು.

ಪ್ರದರ್ಶನದಲ್ಲಿ ನಾನು ನಿಂತದ್ದು ಘಟ್ಟದ ಕೆಳಗಿನಿಂದ ಬಂದಿದ್ದ ಒಬ್ಬ ವ್ಯಾಪಾರಿಯ ಮುಂದೆ. ಮರದ ಪಟ್ಟಿಯ ಬುಟ್ಟಿಗಳಲ್ಲಿ ಮಣ್ಣೇ ಇಲ್ಲದೆ ಆರ್ಕಿಡ್ ಗಿಡಗಳು ತೂಗುತ್ತಿದ್ದವು, ಮೇಲೆ ನೇರಳೆ ಬಣ್ಣದ ಹೂ. ಅಷ್ಟರಲ್ಲಿ ಅತ್ತೆ ಒಂದನ್ನು ಬುಟ್ಟಿಯಿಂದ ಕಿತ್ತೇಬಿಟ್ಟಿದ್ದರು. ಬೇರು ಬೂದಿ ಬಣ್ಣಕ್ಕಿದ್ದವು. ಅವನ್ನು ನೋಡಿ ಅತ್ತೆಯ ಮುಖ ಸಾವಿನ ಮನೆಗೆ ಬಂದವರಂತಾಯಿತು.

"ಈ ಗಿಡ ಸತ್ತು ಭಾಳ ದಿನ ಆಗೈತ್ರಿ," ಎಂದರು ವ್ಯಾಪಾರಿಗೆ. "ಹೂವಿಗಿನ್ನೂ ಸುದ್ದಿ ಮುಟ್ಟಿಲ್ಲ."

ಸುತ್ತಲಿದ್ದವರು ನಕ್ಕರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಆ ಮನುಷ್ಯ ಮಾತ್ರ ಸಿಟ್ಟಾಗಲಿಲ್ಲ. ತಂಬಿಗೆಯಿಂದ ನಾಲ್ಕು ಹನಿ ನೀರನ್ನು ಬೇರಿನ ಮೇಲೆ ಚಿಮುಕಿಸಿದ. ನೋಡುನೋಡುತ್ತಿದ್ದಂತೆ ಬೂದಿ ಬಣ್ಣ ಹೋಗಿ ಬೇರು ಹಸಿರಾಯಿತು. ಅತ್ತೆ ಬಗ್ಗಿದರು. ಒತ್ತಿ ನೋಡಲು ಆತನೇ ಹೇಳಿದ: ಗಟ್ಟಿ ಇದ್ದರೆ ಜೀವ ಇದೆ, ಸಿಪ್ಪೆ ಜಾರಿದರೆ ಇಲ್ಲ, ತುದಿ ಹಸಿರಿದ್ದರೆ ಬೆಳೆಯುತ್ತಾ ಇದೆ. ಆಮೇಲೆ ಅತ್ತೆ ಆ ಅಂಗಡಿಯ ಒಂದೊಂದು ಗಿಡದ ಒಂದೊಂದು ಬೇರನ್ನೂ ಒತ್ತಿದರು. ವ್ಯಾಪಾರಿಗೆ ಗಿಡ ಸಾಕುವ ರೀತಿ ಹೇಳಲು ಆಸೆ. ಅತ್ತೆಗೆ ಕೇಳಲು ಪುರುಸೊತ್ತಿಲ್ಲ. ಕೊನೆಗೆ ಆರಿಸಿದ ಗಿಡದ ಬೇರು ನಿಜಕ್ಕೂ ರಾಜನ ಮೀಸೆಯ ಹಾಗಿದ್ದವು. ಬಸ್ಸಿನಲ್ಲಿ ಕಂಪ್ಲಿಯ ತನಕ ಅದು ಅವರ ತೊಡೆಯ ಮೇಲೆಯೇ ಇತ್ತು.

ಮರುದಿನ ಬೆಳಿಗ್ಗೆ ನಾನು ಹಿತ್ತಲಿಗೆ ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ನಮ್ಮ ಕಡೆ ಬಾಳೆಕಂದು ನೆಡುವಾಗ ಹಳೆಯ ಬೇರನ್ನೆಲ್ಲ ಕುಡುಗೋಲಿನಿಂದ ಸವರಿ, ಗಡ್ಡೆಯನ್ನು ಸಗಣಿ ನೀರಿನಲ್ಲಿ ಅದ್ದಿ ನೆಡುತ್ತಾರೆ. ಹೊಸ ಬೇರು ಜೋರಾಗಿ ಬರಲಿ ಎಂದು. ನಿನ್ನೆಯೆಲ್ಲ ಒತ್ತಿ ಒತ್ತಿ ಆರಿಸಿದ ಆ ಬೇರುಗಳನ್ನು ಅತ್ತೆ ಬುಡಮಟ್ಟ ಸವರಿದ್ದರು. ಗಿಡವನ್ನು ಸಗಣಿಯಲ್ಲಿ ಅದ್ದಿ, ಬಚ್ಚಲ ನೀರು ಹರಿಯುವ ಕರಿಮಣ್ಣಿನಲ್ಲಿ ನೆಟ್ಟು, ಮಡಿ ಕಟ್ಟಿ ನೀರು ಬಿಟ್ಟಿದ್ದರು. ಕೈ ತೊಳೆಯುತ್ತಾ, ಇನ್ನು ಹದಿನೈದು ದಿನಕ್ಕೆ ನೋಡುವಿಯಂತೆ ಎಂದು ನನ್ನ ಬೆನ್ನು ತಟ್ಟಿದರು. ನಾನು ಹೂಂ ಎಂದು ಒಳಗೆ ಹೋಗಿ, ಈರುಳ್ಳಿ ಹೆಚ್ಚುವ ನೆಪದಲ್ಲಿ ಕಣ್ಣೀರು ಹಾಕಿದೆ.

ಹೂವು ಮಾತ್ರ ಮೂರು ವಾರ ಕಳೆದರೂ ನಗುತ್ತಲೇ ಇತ್ತು. ಓಣಿಯ ಹೆಂಗಸರು ನೋಡಲು ಬಂದರು; ಬುಡ ನೋಡಿ ತಂದದ್ದು ಎಂದು ಅತ್ತೆ ಎಲ್ಲರಿಗೂ ಹೇಳಿದರು. ಒಂದು ಮಧ್ಯಾಹ್ನ ಅವರೊಬ್ಬರೇ ಕೂತು ಮಣ್ಣು ಕೆದರಿದ್ದನ್ನು ಬಾಗಿಲ ಸಂದಿಯಿಂದ ಕಂಡೆ. ಗಿಡ ಸಲೀಸಾಗಿ ಕೈಗೆ ಬಂತು. ಬುಡ ಮೂಸಿದರು. ಮತ್ತೆ ಅದೇ ಗುಣಿಯಲ್ಲಿಟ್ಟು, ಮಣ್ಣು ಒತ್ತಿ, ಎದ್ದು ಹೋದರು. ಆ ರಾತ್ರಿ ಊಟ ಬೇಡ ಎಂದರು. ನಾನು ಏನೂ ಕಾಣದವಳ ಹಾಗೆ ಇನ್ನೊಂದು ವಾರ ಆ ಹೂವನ್ನು ಹೊಗಳಿದೆ. ನನ್ನ ಜೀವನದ ಅತ್ಯಂತ ಕಷ್ಟದ ಸುಳ್ಳು ಅದು.

ಮರುವರ್ಷ ಪ್ರದರ್ಶನದ ಸುದ್ದಿ ಬಂದಾಗ ನಾನು ಮಾತೆತ್ತಲಿಲ್ಲ. ಅತ್ತೆಯೇ ಸೀರೆ ಬದಲಿಸಿ ಬಂದು ನಿಂತರು. ಅದೇ ವ್ಯಾಪಾರಿಯ ಮುಂದೆ ಕೂತು, ಹೋದ ವರ್ಷ ತಾವು ಮಾಡಿದ್ದನ್ನು ಕುಡುಗೋಲು, ಸಗಣಿ ಸಮೇತ ಒಂದನ್ನೂ ಮುಚ್ಚಿಡದೆ ಹೇಳಿದರು. ಆತ ತಲೆಯ ಮೇಲೆ ಕೈಯಿಟ್ಟುಕೊಂಡ. ಆಮೇಲೆ ಅವನು ಹೇಳಿದ್ದನ್ನು ಈ ಸಲ ಪೂರ್ತಿ ಕೇಳಿದರು: ಮಣ್ಣು ಬೇಡ, ಇದ್ದಿಲು, ತೆಂಗಿನ ನಾರು, ನೆರಳು, ಗಾಳಿ. ಗಿಡ ಆರಿಸಿ, ನನ್ನ ಕೈಯಲ್ಲಿಟ್ಟರು.

"ನನ್ನ ಕೈಯಾಗ ಒಂದು ಸತ್ತೈತಿ," ಎಂದರು. "ಇದು ನಿಂದವ್ವ. ನೀ ಕರೆಯೋ ತನಕ ನಾ ಮುಟ್ಟಂಗಿಲ್ಲ."

ಮುಟ್ಟಲಿಲ್ಲ. ಬಾವಿಯ ಹತ್ತಿರದ ಮಾವಿನ ಮರಕ್ಕೆ ನಾನು ಅದನ್ನು ಕಟ್ಟುವಾಗ ಗಂಟು ಸಡಿಲವಾಗಿತ್ತು; ಅತ್ತೆ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಸುಮ್ಮನೆ ನಿಂತಿದ್ದರು. ನಾನು ನೀರು ಹೆಚ್ಚು ಹಾಕಿದ ದಿನ, ಬಿಸಿಲಿಗೆ ಎಲೆ ಸುಟ್ಟ ದಿನ, ಅದೇ ಭಂಗಿ. ದಿನಕ್ಕೆ ನಾಲ್ಕು ಸಲ ಆ ಮರದ ಸುತ್ತ ಕೈ ಹಿಂದೆ ಕಟ್ಟಿ ತಿರುಗುವರು. ಕಾಲುವೆ ಕಾಮಗಾರಿ ನೋಡಲು ಬಂದ ಇಂಜಿನಿಯರ್ ಎಂದು ಮಾವನವರು ಛೇಡಿಸುತ್ತಿದ್ದರು. ಹತ್ತು ತಿಂಗಳಿಗೆ ಎಲೆಗಳ ಸಂದಿಯಿಂದ ಒಂದು ಹೂಗಡ್ಡಿ ಹೊರಟಿತು. ನಾನು ಓಡಿಹೋಗಿ ಕರೆದೆ. ಅತ್ತೆ ಬಂದರು, ಕೈ ಮುಂದೆ ತಂದರು, ಸೆರಗಿಗೆ ಚೆನ್ನಾಗಿ ಒರೆಸಿಕೊಂಡರು. ಹೂಗಡ್ಡಿಯ ಕಡೆ ನೋಡಲೂ ಇಲ್ಲ. ಮರದ ತೊಗಟೆಯನ್ನು ಅಪ್ಪಿದ್ದ ಬೇರನ್ನು ಒಂದೇ ಬೆರಳಿನಿಂದ ಸವರಿ, ಹಿಡದೈತಿ ಎಂದರು.

ಆಗ ನನಗೆ ಖುಷಿಯಾಗಿತ್ತು, ಅಷ್ಟೇ. ಹತ್ತು ತಿಂಗಳು ಕೈ ಕಟ್ಟಿಕೊಂಡಿರುವುದು ಎಂಥ ಕೆಲಸ ಎಂದು ತಿಳಿದದ್ದು ಈ ವಾರ. ಕಿಟಕಿಯ ಗಿಡಕ್ಕೆ ಸೊಸೆ ದಿನವೂ ತಂಬಿಗೆಯಷ್ಟು ನೀರು ಹಾಕುತ್ತಾಳೆ. ಎರಡೇ ಬೇರು ಉಳಿದಿವೆ ಎಂದು ನನಗೆ ಗೊತ್ತು. ಹೇಳಿದರೆ, ಅವಳು ಈ ಮನೆಗೆ ಬಂದ ಮೇಲೆ ತಾನೇ ಆರಿಸಿ ತಂದ ಮೊದಲ ವಸ್ತುವಿನಲ್ಲಿ ಹುಳುಕು ಹುಡುಕಿದಂತೆ. ಹೇಳದಿದ್ದರೆ ಗಿಡ ಹೋಗುತ್ತದೆ. ನಾಲಿಗೆ ತುರಿಸುತ್ತದೆ, ಬೆರಳು ಅದಕ್ಕಿಂತ ಹೆಚ್ಚು.

ಇವತ್ತು ಬೆಳಿಗ್ಗೆ ಅವಳು ನನ್ನನ್ನೇ ನೋಡಿ, "ಅತ್ತಿ, ಬೆನ್ನು ನೋವು ಐತೇನ್ರಿ? ವಾರದಿಂದ ಕೈ ಹಿಂದ ಕಟ್ಟಿಕೊಂಡು ಅಡ್ಡಾಡಾಕ ಹತ್ತೀರಿ," ಎಂದಳು. ಇಲ್ಲ ಎಂದೆ. ಅವಳು ಕುಂಡವನ್ನು ಎತ್ತಿ, ಬುಡವನ್ನು ಬೆಳಕಿಗೆ ಹಿಡಿದಳು. ಒಂದು ಬೇರನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಹೂ ಮಸ್ತ್ ಅದಾವು. ಬೇರು ಯಾಕೋ ಮೆತ್ತಗಾಗ್ಯಾವು," ಎಂದಳು. "ನೀವ ಒಂಚೂರು ನೋಡ್ರಿ."

ನಾನು ಕೈ ಬಿಚ್ಚಿದೆ. ಸೆರಗಿಗೆ ಚೆನ್ನಾಗಿ ಒರೆಸಿಕೊಂಡು ಮುಂದೆ ಚಾಚಿದೆ.